ಕುದಿಸದ ಸೊಪ್ಪಿನ ಮದ್ದು

ಅಕ್ಕಂದಿರೇ, ದವನ ನಿಮಗೆಲ್ಲ ಗೊತ್ತು. ಮಲ್ಲಿಗೆ, ಕನಕಾಂಬರದ ಜೊತೆ ಸೇರಿಸಿ ಕಟ್ಟುತ್ತೇವೆ. ಮುಡಿದರೆ ಇಡೀ ದಿನ ಘಮ ಘಮ. ಗಣೇಶನ ಹಬ್ಬಕ್ಕೆ ಮಾಚಿಪತ್ರೆ ತರುತ್ತೇವೆ. ಇವೆರಡೂ ಒಂದೇ ಬಳಗದ ಗಿಡಗಳು. ಇದೇ ಬಳಗದ ಇನ್ನೊಂದು ಗಿಡ ಚೀನಾ ದೇಶದಲ್ಲಿದೆ. ಅದರ ಹೆಸರು ಚಿಂಗ್‌ಹಾವ್.

ಚೀನಾದಲ್ಲಿ ಈ ಗಿಡ ದಾರಿ ಬದಿಯಲ್ಲಿ, ಪಾಳು ಜಾಗದಲ್ಲಿ ಕಳೆಯ ಹಾಗೆ ಹುಟ್ಟುತ್ತದೆ. ಆಳೆತ್ತರ ಬೆಳೆಯುತ್ತದೆ. ಎಲೆ ಸಣ್ಣಗೆ ಸೀಳಿದ ಹಾಗೆ ಇರುತ್ತದೆ. ಹೂವು ಹಳದಿ. ಸಾಸಿವೆ ಕಾಳಿನಷ್ಟು ಚಿಕ್ಕದು. ವಾಸನೆ ಗಾಢ, ರುಚಿ ಕಹಿ. ನೋಡಿದರೆ ಇದರಲ್ಲಿ ಏನಿದೆ ಅನ್ನಿಸುತ್ತದೆ. ಆದರೆ ಇದೇ ಸೊಪ್ಪಿನಿಂದ ಬಂದ ಮದ್ದು ಇವತ್ತು ಲೋಕದ ಎಷ್ಟೋ ಜನರ ಪ್ರಾಣ ಉಳಿಸುತ್ತಿದೆ.

ನಮ್ಮಲ್ಲಿ ಪಪ್ಪಾಯಿ ಉಷ್ಣ, ಎಳನೀರು ತಂಪು ಅಂತೀವಲ್ಲ, ಚೀನಾದ ಹಳೆಯ ವೈದ್ಯದಲ್ಲೂ ಹಾಗೇ ಲೆಕ್ಕ ಇದೆ. ಚಿಂಗ್‌ಹಾವ್ ತಂಪಿನ ಸೊಪ್ಪು ಎಂದು ಅವರು ಹೇಳುತ್ತಾರೆ. ಮೈ ಕಾಯಿಸುವ ಜ್ವರಕ್ಕೆ, ರಾತ್ರಿ ಬಂದು ಬೆಳಗ್ಗೆ ಇಳಿಯುವ ಜ್ವರಕ್ಕೆ, ಬೇಸಿಗೆಯ ಝಳದ ಕಾಯಿಲೆಗೆ ಇದನ್ನು ಕೊಡುತ್ತಿದ್ದರು. ಚೀನಾದಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಸಮಾಧಿಯನ್ನು 1973ರಲ್ಲಿ ಅಗೆದರು. ಅದರಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯದ ಬರಹ ಸಿಕ್ಕಿತು. ಅದರಲ್ಲೂ ಈ ಸೊಪ್ಪಿನ ಹೆಸರಿದೆ. ಅಲ್ಲಿ ಹೇಳಿರುವುದು ಜ್ವರಕ್ಕಲ್ಲ, ಮೂಲವ್ಯಾಧಿಗೆ!

ಚಳಿಜ್ವರಕ್ಕೆ ಈ ಸೊಪ್ಪು ಆಗುತ್ತದೆ ಎಂದು ಬರೆದಿಟ್ಟವರು ಗೆ ಹಾಂಗ್ ಎಂಬ ಪಂಡಿತರು. ಸುಮಾರು 1,700 ವರ್ಷಗಳ ಹಿಂದಿನ ಮಾತು. ತುರ್ತಿಗೆ ಬೇಕಾಗುವ ಮದ್ದುಗಳ ಬಗ್ಗೆ ಅವರು ಒಂದು ಪುಸ್ತಕ ಬರೆದರು. ಒಂದು ಹಿಡಿ ಚಿಂಗ್‌ಹಾವ್ ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸ ಕುಡಿಯಬೇಕು ಎಂದು ಅದರಲ್ಲಿದೆ. ನೆನೆಸಿ, ಹಿಂಡಿ. ಈ ಎರಡು ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಚಳಿಜ್ವರ ಅಂದರೆ ಮಲೇರಿಯಾ. ಅನಾಫಿಲೀಸ್ ಎಂಬ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿದರೆ ಬರುತ್ತದೆ. ಸೊಳ್ಳೆಯಿಂದ ರೋಗಾಣು ನಮ್ಮ ಮೈಗೆ ಸೇರುತ್ತದೆ. ರಕ್ತದ ಕಣದೊಳಗೆ ಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. ಗಡಗಡ ನಡುಕ, ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ತಲೆಗೇರಿದರೆ ಜೀವಕ್ಕೇ ಅಪಾಯ. ಇದಕ್ಕೆ ಮೊದಲು ಕ್ಲೋರೋಕ್ವಿನ್ ಎಂಬ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬರಬರುತ್ತಾ ಕೆಲವು ದೇಶಗಳಲ್ಲಿ ರೋಗಾಣು ಆ ಗುಳಿಗೆಗೆ ಜಗ್ಗದೆ ಹೋಯಿತು.

ಆಗ ವಿಯೆಟ್ನಾಂನಲ್ಲಿ ಯುದ್ಧ ನಡೆಯುತ್ತಿತ್ತು. ಕಾಡಿನಲ್ಲಿ ಸೈನಿಕರು ಮಲೇರಿಯಾದಿಂದ ಸಾಯುತ್ತಿದ್ದರು. ಹೊಸ ಮದ್ದು ಹುಡುಕಲು ಚೀನಾ ಸರಕಾರ 1967ರ ಮೇ 23ರಂದು ಒಂದು ಗುಟ್ಟಿನ ಕೆಲಸ ಶುರು ಮಾಡಿತು. ಐದನೇ ತಿಂಗಳ 23ನೇ ತಾರೀಖು ಅಲ್ಲವೇ? ಅದಕ್ಕೇ 523 ಎಂದು ಅದಕ್ಕೆ ಹೆಸರು. 1969ರಲ್ಲಿ ಇದರ ಒಂದು ತಂಡದ ಹೊಣೆ ಒಬ್ಬ ಹೆಂಗಸಿನ ಹೆಗಲಿಗೆ ಬಂತು. ಅವರೇ ಟೂ ಯೂಯೂ.

ಟೂ ಯೂಯೂ ಆಗ ಇನ್ನೂ 40 ತುಂಬದವರು. ಇಬ್ಬರು ಹೆಣ್ಣುಮಕ್ಕಳ ತಾಯಿ. ಗಂಡನನ್ನು ಸರಕಾರ ದೂರದ ಹಳ್ಳಿಗಾಡಿಗೆ ಕಳಿಸಿತ್ತು. ಮಲೇರಿಯಾ ಹೆಚ್ಚಾಗಿದ್ದ ಹೈನಾನ್ ದ್ವೀಪಕ್ಕೆ ಇವರು ಹೋಗಬೇಕಾಯಿತು. ದೊಡ್ಡ ಮಗಳನ್ನು ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ ಬಿಟ್ಟರು. ಚಿಕ್ಕವಳನ್ನು ತವರಿಗೆ ಕಳಿಸಿದರು. ಬಹಳ ಕಾಲದ ಮೇಲೆ ನೋಡಲು ಹೋದರೆ ಚಿಕ್ಕ ಮಗಳಿಗೆ ತಾಯಿಯ ಗುರುತೇ ಸಿಗಲಿಲ್ಲ. ಈ ಸಂಕಟ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವರ ತಂಡ ಹಳೆಯ ಪುಸ್ತಕಗಳನ್ನು ಓದಿತು. ನಾಟಿ ವೈದ್ಯರನ್ನು ಕೇಳಿತು. ಸುಮಾರು 2,000 ಮದ್ದುಗಳ ವಿವರ ಕೂಡಿಹಾಕಿತು. ಸುಮಾರು 200 ಗಿಡಮೂಲಿಕೆಗಳಿಂದ 380 ಬಗೆಯ ರಸ ತೆಗೆದು ಇಲಿಗಳ ಮೇಲೆ ಪರೀಕ್ಷೆ ಮಾಡಿತು. ಚಿಂಗ್‌ಹಾವ್ ರಸ ಒಮ್ಮೆ ಚೆನ್ನಾಗಿ ಕೆಲಸ ಮಾಡಿತು. ಮತ್ತೆ ಮಾಡಿದರೆ ಇಲ್ಲ. ಹೀಗೇಕೆ?

ಟೂ ಯೂಯೂ ಗೆ ಹಾಂಗ್ ಅವರ ಪುಸ್ತಕ ತೆಗೆದು ಮತ್ತೆ ಓದಿದರು. ನೆನೆಸಿ, ಹಿಂಡಿ ಅಂತಿದೆ. ಕುದಿಸಿ ಅಂತ ಎಲ್ಲೂ ಇಲ್ಲ! ಮದ್ದಿನ ಸೊಪ್ಪು ಅಂದರೆ ಕಷಾಯ ಕುದಿಸುವುದು ನಮ್ಮಲ್ಲೂ ರೂಢಿ, ಅಲ್ಲೂ ರೂಢಿ. ಕಾವಿಗೆ ಮದ್ದಿನ ಅಂಶ ಕೆಟ್ಟುಹೋಗುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ನೀರು ಕುದಿಯಲು 100 ಡಿಗ್ರಿ ಕಾವು ಬೇಕು. ಈಥರ್ ಎಂಬ ದ್ರವ ಸುಮಾರು 35 ಡಿಗ್ರಿಗೇ ಕುದಿಯುತ್ತದೆ. ಈಥರ್‌ನಲ್ಲಿ ಸೊಪ್ಪಿನ ಸಾರ ತೆಗೆದರು. ಮದ್ದು ಇರುವುದು ಎಲೆಯಲ್ಲಿ, ಕಾಂಡದಲ್ಲಲ್ಲ ಎಂದೂ ತಿಳಿಯಿತು. 1971ರ ಅಕ್ಟೋಬರ್ 4ರಂದು 191ನೇ ನಂಬರಿನ ರಸ ಪರೀಕ್ಷೆಗೆ ಬಂತು. ಅದನ್ನು ಕೊಟ್ಟ ಇಲಿಗಳಲ್ಲಿ ಒಂದು ರೋಗಾಣುವೂ ಉಳಿಯಲಿಲ್ಲ.

ಮನುಷ್ಯರಿಗೆ ಕೊಡುವ ಮುಂಚೆ ವಿಷವೋ ಅಲ್ಲವೋ ತಿಳಿಯಬೇಕಲ್ಲ? 1972ರಲ್ಲಿ ಟೂ ಯೂಯೂ ಮತ್ತು ಜೊತೆಯ ಇಬ್ಬರು ಆಸ್ಪತ್ರೆಗೆ ಸೇರಿ ತಾವೇ ಮೊದಲು ಅದನ್ನು ಕುಡಿದರು. ಏನೂ ಆಗಲಿಲ್ಲ. ಅದೇ ವರ್ಷ ಹೈನಾನ್‌ನಲ್ಲಿ 21 ರೋಗಿಗಳಿಗೆ ಕೊಟ್ಟರು. ಜ್ವರ ಬಿಟ್ಟಿತು. ಆಮೇಲೆ ಸೊಪ್ಪಿನೊಳಗಿನ ನಿಜವಾದ ಮದ್ದನ್ನು ಬೇರೆ ಮಾಡಿ, ಸಕ್ಕರೆ ಹರಳಿನ ಹಾಗೆ ತೆಗೆದರು. ಅದರ ಹೆಸರು ಆರ್ಟೆಮಿಸಿನಿನ್. ಹೆಸರು ಕಷ್ಟ. ಬಿಡಿಸಿ ಓದಿ: ಆರ್-ಟೆ-ಮಿ-ಸಿ-ನಿನ್. 2015ರಲ್ಲಿ ಟೂ ಯೂಯೂ ಅವರಿಗೆ ನೊಬೆಲ್ ಬಹುಮಾನ ಬಂತು. ಲೋಕದಲ್ಲೇ ಅದು ದೊಡ್ಡ ಬಹುಮಾನ. ಅವರು ಡಾಕ್ಟರೇಟ್ ಮಾಡಿದವರಲ್ಲ, ಹೊರದೇಶದಲ್ಲಿ ಓದಿದವರೂ ಅಲ್ಲ.

ಈ ಮದ್ದು ಹೇಗೆ ಕೆಲಸ ಮಾಡುತ್ತದೆ? ನಮ್ಮ ರಕ್ತದಲ್ಲಿ ಕಬ್ಬಿಣದ ಅಂಶ ಇದೆ. ರೋಗಾಣು ರಕ್ತ ತಿಂದಾಗ ಆ ಕಬ್ಬಿಣ ಅದರ ಹೊಟ್ಟೆ ಸೇರುತ್ತದೆ. ಮದ್ದು ಆ ಕಬ್ಬಿಣಕ್ಕೆ ತಗಲಿದ ಕೂಡಲೇ ಪಟಾಕಿ ಸಿಡಿದ ಹಾಗೆ ಒಡೆಯುತ್ತದೆ. ರೋಗಾಣು ಸಾಯುತ್ತದೆ. ಆದರೆ ಈ ಮದ್ದು ಕೆಲವೇ ಗಂಟೆಗಳಲ್ಲಿ ಮೈಯಿಂದ ಹೋಗಿಬಿಡುತ್ತದೆ. ಅದಕ್ಕೇ ಇದರ ಜೊತೆ ಇನ್ನೊಂದು ಮದ್ದು ಸೇರಿಸಿ ಕೊಡುತ್ತಾರೆ. ಅದು ನಿಧಾನ. ಅಳಿದುಳಿದ ರೋಗಾಣುಗಳನ್ನು ಕೊಲ್ಲುವುದು ಅದರ ಕೆಲಸ.

ಹಾಗಾದರೆ ಸೊಪ್ಪು ತಂದು ಮನೆಯಲ್ಲೇ ಕಾಯಿಸಿ ಕುಡಿದರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಎಲೆಯಲ್ಲಿ ಮದ್ದಿನ ಅಂಶ ಬಹಳ ಕಡಿಮೆ. ಒಂದು ಗಿಡದಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಕುಡಿದವರಿಗೆ ಜ್ವರ ಸ್ವಲ್ಪ ಇಳಿಯಬಹುದು, ರೋಗಾಣು ಒಳಗೇ ಉಳಿಯುತ್ತದೆ. ಈ ಗಿಡದ ಚಹಾ, ಪುಡಿ ಮಲೇರಿಯಾಗೆ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದವನ, ಮಾಚಿಪತ್ರೆ ಬಳಗದವೇ ಆದರೂ ಮಲೇರಿಯಾಗೆ ಮದ್ದಲ್ಲ. ಒಂದು ಬಳಗ ಅಂದ ಮಾತ್ರಕ್ಕೆ ಗುಣ ಒಂದೇ ಇರಬೇಕೇ? ಅಕ್ಕತಂಗಿಯರಲ್ಲೇ ಇರಲ್ಲ.

ಗುಳಿಗೆಯನ್ನು ಅರ್ಧಕ್ಕೆ ಬಿಟ್ಟರೂ ಇದೇ ತೊಂದರೆ. ಗರಿಕೆಯನ್ನು ಮೇಲೆ ಮೇಲೆ ಕಿತ್ತರೆ ಬೇರು ಉಳಿದು ಮತ್ತೆ ಹಬ್ಬುತ್ತದೆ. ಉಳಿದ ರೋಗಾಣು ಮದ್ದಿಗೆ ಒಗ್ಗಿಕೊಳ್ಳುತ್ತದೆ. ಕಾಂಬೋಡಿಯಾ ದೇಶದಲ್ಲಿ ಆರ್ಟೆಮಿಸಿನಿನ್‌ಗೂ ಬೇಗ ಸಾಯದ ರೋಗಾಣು ಕಂಡುಬಂದಿದೆ. ಆಮೇಲೆ ಆಫ್ರಿಕಾದ ಕೆಲವು ದೇಶಗಳಲ್ಲೂ ಕಂಡಿದೆ.

ನಮ್ಮ ದೇಶದಲ್ಲೂ ಈ ಮದ್ದು ಇದೆ. ಚಳಿಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಸರಕಾರಿ ಆಸ್ಪತ್ರೆಗೆ ಹೋಗಿ. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುತ್ತಾರೆ. ಮಲೇರಿಯಾದಲ್ಲಿ ಬಗೆಗಳಿವೆ. ಫಾಲ್ಸಿಪಾರಂ ಎಂಬ ಬಗೆಗೆ ಆರ್ಟೆಮಿಸಿನಿನ್ ಜಾತಿಯ ಗುಳಿಗೆ 3 ದಿನ. ವೈವಾಕ್ಸ್ ಎಂಬ ಬಗೆಗೆ ಬೇರೆ ಗುಳಿಗೆ, ಅದರಲ್ಲಿ ಒಂದನ್ನು 14 ದಿನ ನುಂಗಬೇಕು. ಎರಡನೇ ದಿನ ಜ್ವರ ಬಿಟ್ಟಿತು ಅಂತ ಉಳಿದ ಗುಳಿಗೆಯನ್ನು ಡಬ್ಬಿಗೆ ಹಾಕಿಡಬೇಡಿ. ಪಕ್ಕದ ಮನೆಯವರಿಗೂ ಕೊಡಬೇಡಿ. ಬಸುರಿಯಾಗಿದ್ದರೆ, ಮುಟ್ಟು ತಪ್ಪಿದ್ದರೂ ಸರಿ, ಮೊದಲೇ ಹೇಳಿಬಿಡಿ. ಬಸುರಿಯರಿಗೆ ಕೆಲವು ಗುಳಿಗೆ ಕೊಡುವುದಿಲ್ಲ. ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಅದನ್ನೂ ಹೇಳಿ, ಮತ್ತೆ ಕೊಡುತ್ತಾರೆ.