ಅಧಿಕದತ್ತ ವೃತ್ತಿಯ ವಸೂಲಿಯೂ ಋಣಾದಾನ ವಿಧಿಯೂ

ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟೆಂದು ಎಣಿಸಿ, ಅವುಗಳಲ್ಲಿ ಋಣಾದಾನಕ್ಕೆ ಅಗ್ರಸ್ಥಾನವನ್ನು ಕೊಟ್ಟಿರುವುದು ಪ್ರಸಿದ್ಧವೇ ಆಗಿದೆ. ಕೊಟ್ಟವನು ಪ್ರಜೆ, ಕೊಂಡವನೂ ಪ್ರಜೆ, ನಡುವೆ ನಿರ್ಣಯಕ್ಕೆ ಅರಸು ಎಂಬುದು ಅಲ್ಲಿಯ ಸಾಮಾನ್ಯ ಕಲ್ಪನೆ. ಕೊಟ್ಟವನೇ ಅರಸಾಗಿದ್ದು, ಕೊಟ್ಟುದು ಸಾಲವಲ್ಲದೆ ನಿರುದ್ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಜೀವನವೃತ್ತಿಯಾಗಿದ್ದು, ಅದರಲ್ಲಿ ಹೆಚ್ಚಾಗಿ ಸಂದುಹೋಯಿತೆಂದು ಆ ಭಾಗವನ್ನು ಮರಳಿ ಕೇಳಿದರೆ, ಆ ವ್ಯವಹಾರದ ಸ್ವರೂಪವೇನೆಂಬುದು ಈ ಕಾಲದ ಪ್ರಶ್ನೆ. ಆಸ್ಟ್ರೇಲಿಯಾ ದೇಶದಲ್ಲಿ ೨೦೧೫ ರಿಂದ ೨೦೧೯ ರ ವರೆಗೆ ನಡೆದ, ಜನರು ‘ರೋಬೋಡೆಟ್’ ಎಂದು ಕರೆದ ವಸೂಲಿಯ ವೃತ್ತಾಂತವು ಇದರ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಆ ದೇಶದಲ್ಲಿ ಸೆಂಟರ್‌ಲಿಂಕ್ ಎಂಬ ಕಚೇರಿಯು ಇಂತಹ ವೃತ್ತಿಗಳನ್ನು ಹಂಚುತ್ತದೆ. ವೃತ್ತಿಯನ್ನು ಪಡೆಯುವವನು ಹದಿನಾಲ್ಕು ದಿನಗಳ ಪಕ್ಷಕ್ಕೊಮ್ಮೆ ತನ್ನ ಸಂಪಾದನೆಯನ್ನು ತಿಳಿಸಬೇಕು. ಸಂಪಾದನೆ ಏರಿದಂತೆ ವೃತ್ತಿ ಇಳಿಯುವುದು. ತಿಳಿಸಿದುದರಲ್ಲಿ ತಪ್ಪಿದ್ದು ಹೆಚ್ಚು ಹಣ ಸಂದಿದ್ದರೆ ಆ ಹೆಚ್ಚಳವು ಸರಕಾರಕ್ಕೆ ಸಲ್ಲಬೇಕಾದ ಋಣವಾಗುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ವೃತ್ತಿಯನ್ನು ಇನ್ನೂ ಪಡೆಯುತ್ತಿರುವವನಿಂದ ಪಕ್ಷಪಕ್ಷಕ್ಕೂ ಸ್ವಲ್ಪಸ್ವಲ್ಪವಾಗಿ ಹಿಡಿದುಕೊಳ್ಳುವುದು ಒಂದು ಕ್ರಮ. ವೃತ್ತಿಯನ್ನು ಬಿಟ್ಟುಹೋದವನು ಕಂತುಗಳನ್ನು ಗೊತ್ತುಮಾಡಿಕೊಂಡು ತೀರಿಸುವುದು ಎರಡನೆಯದು. ಅವನು ಉತ್ತರ ಕೊಡದಿದ್ದರೆ ಖಾಸಗಿ ವಸೂಲಿ ಸಂಸ್ಥೆಗೆ ಒಪ್ಪಿಸುವುದು ಆ ಕಾಲದಲ್ಲಿದ್ದ ಮೂರನೆಯ ಕ್ರಮ. ಆಗಲೂ ಋಣವು ಸರಕಾರದ್ದೇ. ಸಂಸ್ಥೆಯು ಕೇವಲ ಪ್ರತಿನಿಧಿಯಾಗಿದ್ದಿತು, ವಸೂಲಾದ ಹಣದ ಮೇಲೆ ಕಮಿಷನ್ ಪಡೆಯುತ್ತಿದ್ದ ಪ್ರತಿನಿಧಿ. ಋಣವಿದೆಯೇ ಇಲ್ಲವೇ ಎಂಬುದನ್ನು ವಿಚಾರಿಸುವುದು ಅದರ ಕೆಲಸವಾಗಿರಲಿಲ್ಲ. ಹಳೆಯ ವಿಳಾಸಕ್ಕೆ ಹೋದ ಪತ್ರವನ್ನು ಕಾಣದೆ, ವಸೂಲಿಗಾರನ ಮಾತಿನಿಂದಲೇ ತಮ್ಮ ಋಣದ ಸುದ್ದಿಯನ್ನು ಮೊದಲು ಕೇಳಿದವರೂ ಇದ್ದರು.

ದೋಷವಿದ್ದುದು ಲೆಕ್ಕದಲ್ಲಿ. ತೆರಿಗೆಯ ಇಲಾಖೆಯಲ್ಲಿ ದೊರೆತ ವಾರ್ಷಿಕಾದಾಯವನ್ನು ಯಂತ್ರವು ೨೬ ಪಕ್ಷಗಳಿಗೆ ಸಮನಾಗಿ ಹಂಚುತ್ತಿದ್ದಿತು. ಒಬ್ಬನು ೧೩ ಪಕ್ಷಗಳಲ್ಲಿ ತಲಾ ೨,೦೦೦ ಡಾಲರುಗಳಂತೆ ೨೬,೦೦೦ ಡಾಲರುಗಳನ್ನು ಸಂಪಾದಿಸಿ, ಉಳಿದ ೧೩ ಪಕ್ಷಗಳಲ್ಲಿ ಕೆಲಸವಿಲ್ಲದೆ ನ್ಯಾಯವಾಗಿ ವೃತ್ತಿಯನ್ನು ಪಡೆದನೆಂದು ಭಾವಿಸೋಣ. ಯಂತ್ರದ ಗಣನೆಯಲ್ಲಿ ಅವನಿಗೆ ಎಲ್ಲ ಪಕ್ಷಗಳಲ್ಲಿಯೂ ೧,೦೦೦ ಡಾಲರುಗಳ ಸಂಪಾದನೆ. ಆದುದರಿಂದ ನಿರುದ್ಯೋಗದ ದಿನಗಳಲ್ಲಿ ಪಡೆದುದು ಹೆಚ್ಚಾಯಿತು, ಅವನು ಋಣಿಯಾದನು! ಹೀಗಲ್ಲವೆಂದು ತೋರಿಸುವುದಕ್ಕೆ ಹಲವು ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಅವನೇ ಹುಡುಕಿ ತರಬೇಕಾಗಿದ್ದಿತು.

ಇಲ್ಲಿ ಮಿತಾಕ್ಷರೆಯ ಮಾತು ಪ್ರಸಕ್ತವಾಗುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಯನ್ನು ವ್ಯಾಖ್ಯಾನಿಸುತ್ತ, ಪ್ರತಿವಾದಿಯ ಉತ್ತರವು ಸತ್ಯ, ಮಿಥ್ಯಾ, ಪ್ರತ್ಯವಸ್ಕಂದನ, ಪ್ರಾಙ್ನ್ಯಾಯ ಎಂದು ನಾಲ್ಕು ವಿಧವೆಂದು ವಿವರಿಸುತ್ತಾನೆ. ‘ಕೊಂಡದ್ದು ನಿಜ, ಆದರೆ ತೀರಿಸಿದೆನು’ ಎಂಬುದು ಪ್ರತ್ಯವಸ್ಕಂದನ. ಅಲ್ಲಿ ಪ್ರಮಾಣವನ್ನು ಪ್ರತಿವಾದಿಯೇ ತರಬೇಕು. ‘ನನಗೆ ಋಣವೇ ಇಲ್ಲ’ ಎಂಬುದು ಮಿಥ್ಯೋತ್ತರ. ಅಲ್ಲಿ ಸಾಧಿಸುವ ಭಾರವು ವಾದಿಯದು. ಇಲ್ಲದುದನ್ನು ಇಲ್ಲವೆಂದು ಸಾಧಿಸುವುದು ಹೇಗೆ? ಆಸ್ಟ್ರೇಲಿಯಾದಲ್ಲಿ ಮಿಥ್ಯೋತ್ತರ ಕೊಟ್ಟವರ ಮೇಲೆಯೇ ಆ ಭಾರವನ್ನು ಹೊರಿಸಲಾಗಿದ್ದಿತು.

ವಸೂಲಿಯ ಉಪಾಯಗಳನ್ನು ಮನುವು ಧರ್ಮ, ವ್ಯವಹಾರ, ಛಲ, ಆಚರಿತ, ಬಲ ಎಂದು ಐದಾಗಿ ಎಣಿಸಿದ್ದಾನೆ. ಛಲಬಲಗಳನ್ನೂ ಸೇರಿಸಿದ್ದು ಈಗಿನವರಿಗೆ ಕಠಿನವಾಗಿ ಕಾಣುವುದು ಸಹಜ. ಆದರೆ ಈ ಉಪಾಯಗಳಿಗೆ ಯಾಜ್ಞವಲ್ಕ್ಯನು ‘ಪ್ರಪನ್ನ’ ಎಂಬ ಒಂದು ವಿಶೇಷಣದಿಂದ ಮೇರೆ ಹಾಕಿದ್ದಾನೆ. ಋಣಿಯು ತಾನಾಗಿ ಒಪ್ಪಿದ ಅಥವಾ ಸಾಕ್ಷ್ಯಾದಿಗಳಿಂದ ಸ್ಥಾಪಿತವಾದ ಧನವನ್ನು ಸಾಧಿಸುವವನನ್ನು ಮಾತ್ರ ಅರಸನು ಆಕ್ಷೇಪಿಸತಕ್ಕದ್ದಲ್ಲವೆಂದು ಮಿತಾಕ್ಷರೆಯ ಅಭಿಪ್ರಾಯ. ವಿವಾದಗ್ರಸ್ತವಾದುದನ್ನು ಬಲದಿಂದ ಕೀಳುವವನಿಗೆ ಆ ರಕ್ಷಣೆಯಿಲ್ಲ. ಎಂದರೆ, ವಸೂಲಿಗಾರನು ಬಾಗಿಲಿಗೆ ಬರುವ ಮೊದಲೇ ನಿರ್ಣಯವು ಮುಗಿದಿರಬೇಕು.

ಮತ್ತೊಂದು ಸಾದೃಶ್ಯವು ಕುತೂಹಲಕರವಾಗಿದೆ. ಲೆಕ್ಕವೊಪ್ಪಿಸದವರ ಮೇಲೆ ಆಸ್ಟ್ರೇಲಿಯಾ ಸರಕಾರವು ಋಣದ ನೂರಕ್ಕೆ ಹತ್ತರಷ್ಟನ್ನು ವಸೂಲಿಯ ಶುಲ್ಕವಾಗಿ ಸೇರಿಸುತ್ತಿದ್ದಿತು. ಯಾಜ್ಞವಲ್ಕ್ಯನೂ ಅರಸನ ಮೂಲಕ ತೀರಿಸಬೇಕಾಗಿ ಬಂದ ಋಣಿಯಿಂದ ನೂರಕ್ಕೆ ಹತ್ತನ್ನೇ ವಿಧಿಸಿದ್ದಾನೆ. ಧನವನ್ನು ಪಡೆದ ಸಾಲಿಗನಿಂದಲೂ ನೂರಕ್ಕೆ ಐದು. ಮೊದಲನೆಯದು ದಂಡ, ಎರಡನೆಯದು ಅರಸನ ಶ್ರಮಕ್ಕೆ ಭೃತಿ. ದರಿದ್ರನಾದ ಋಣಿಯು ಆದಾಯವಿದ್ದಂತೆ ಮೆಲ್ಲಮೆಲ್ಲನೆ ಕೊಡಬಹುದೆಂಬ ಕಂತಿನ ನಿಯಮವೂ ಅಲ್ಲಿಯೇ ಇದೆ. ಆದರೆ ಸ್ಮೃತಿಯು ಆ ಸೌಲಭ್ಯವನ್ನು ಬ್ರಾಹ್ಮಣನಿಗೆ ಮಾತ್ರ ಕೊಟ್ಟು, ಹೀನಜಾತಿಯವನೆಂದು ತಾನು ಕರೆದವನಿಂದ ಕೆಲಸ ಮಾಡಿಸಿಕೊಳ್ಳಬೇಕೆಂದಿರುವುದನ್ನು ಮರೆಮಾಚಬಾರದು. ಈ ಅಂಶದಲ್ಲಿ ಎಲ್ಲರಿಗೂ ಕಂತನ್ನು ಕೊಡುವ ಇಂದಿನ ಕ್ರಮವೇ ಶ್ರೇಯಸ್ಕರವಾದುದು.

೨೦೧೯ ರ ನವೆಂಬರಿನಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ಬಂದಾಗ, ಸರಾಸರಿಯ ಲೆಕ್ಕವೊಂದರಿಂದಲೇ ಋಣವು ಸಿದ್ಧವಾಗದೆಂದು ಸರಕಾರವೇ ಒಪ್ಪಿಕೊಂಡಿತು. ಸುಮಾರು ೪,೩೩,೦೦೦ ಜನರ ಮೇಲೆ ೧೭೬ ಕೋಟಿ ಡಾಲರುಗಳಷ್ಟು ಋಣವನ್ನು ಹೀಗೆ ಹೊರಿಸಲಾಗಿದ್ದಿತು. ಸುಮಾರು ೩,೮೧,೦೦೦ ಜನರಿಂದ ೭೫ ಕೋಟಿಯಷ್ಟು ವಸೂಲಾಗಿಯೂ ಇದ್ದಿತು. ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಆಯೋಗವು ೨೦೨೩ ರ ಜುಲೈ ೭ ರಂದು ಇದೆಲ್ಲವನ್ನೂ ಕಠೋರವಾಗಿ ಖಂಡಿಸಿ ವರದಿಯಿತ್ತಿತು. ಋಣದ ಬೇಡಿಕೆ ಬಂದ ಮೇಲೆ ಪ್ರಾಣವನ್ನು ಕಳೆದುಕೊಂಡ ಯುವಕರ ತಾಯಂದಿರೂ ಆ ಆಯೋಗದ ಮುಂದೆ ಸಾಕ್ಷ್ಯ ನುಡಿದಿದ್ದರು.

ಸುಳ್ಳು ಅಭಿಯೋಗ ಹೂಡಿದವನು ಕೇಳಿದುದರ ಎರಡರಷ್ಟನ್ನು ದಂಡ ತೆರಬೇಕೆಂದು ಸ್ಮೃತಿಯಿದೆ. ಅರಸನೇ ಅಭಿಯೋಕ್ತೃವಾದರೆ ಅವನನ್ನು ದಂಡಿಸುವವರು ಯಾರೆಂದು ಶಂಕೆ ಬರಬಹುದು. ಇದಕ್ಕೆ ಉತ್ತರವು ವ್ಯವಹಾರಾಧ್ಯಾಯದ ಕೊನೆಯಲ್ಲಿದೆ: ಅರಸನು ಅನ್ಯಾಯವಾಗಿ ತೆಗೆದುಕೊಂಡ ದಂಡವನ್ನು ಮೂವತ್ತು ಮಡಿಯಾಗಿಸಿ, ವರುಣನಿಗೆ ನಿವೇದಿಸಿ, ತಾನೇ ದಾನಮಾಡಬೇಕು. ದಾನವು ಬ್ರಾಹ್ಮಣರಿಗಾದರೆ ಕಳೆದುಕೊಂಡವನಿಗೆ ಬಂದುದೇನು? ವಿಜ್ಞಾನೇಶ್ವರನು ಈ ಕೊರತೆಯನ್ನು ಕಂಡು, ಯಾರಿಂದ ಎಷ್ಟು ತೆಗೆದುಕೊಳ್ಳಲಾಯಿತೋ ಅಷ್ಟನ್ನು ಅವನಿಗೇ ಮರಳಿಸಬೇಕು, ಏಕೆಂದರೆ ಅದರ ಮೇಲಿನ ಅವನ ಸ್ವತ್ವವು ಅಳಿದಿಲ್ಲ, ಮರಳಿಸದಿದ್ದರೆ ಅದು ಅಪಹಾರವೇ ಆದೀತು ಎಂದು ಸೇರಿಸಿದ್ದಾನೆ. ಆಸ್ಟ್ರೇಲಿಯಾ ಸರಕಾರವು ೨೦೨೦ ರ ಮೇ ತಿಂಗಳಿನಲ್ಲಿ ಮೂಲಧನವನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿತು. ೨೦೨೧ ರ ಜೂನ್ ತಿಂಗಳಿನಲ್ಲಿ ನ್ಯಾಯಾಲಯವು ಅದರ ಮೇಲೆ ೧೧ ಕೋಟಿ ೨೦ ಲಕ್ಷ ಡಾಲರುಗಳ ಪರಿಹಾರಕ್ಕೆ ಅನುಮತಿಯಿತ್ತಿತು. ೨೦೨೫ ರ ಸೆಪ್ಟೆಂಬರಿನಲ್ಲಿ ಸರಕಾರವು ಇನ್ನೂ ೪೭ ಕೋಟಿ ೫೦ ಲಕ್ಷ ಡಾಲರುಗಳಿಗೆ ಒಪ್ಪಿತು.