ಪ್ರೇಮ ಕಾದಂಬರಿಗೂ ಒಂದು ಪಂಕ್ತಿ

ಓದುಗರು ಲಕ್ಷಗಟ್ಟಲೆ, ವಿಮರ್ಶಕರು ಮಾತ್ರ ತಿರುಗಿಯೂ ನೋಡರು. ಬ್ರಿಟನ್ನಿನ ಪ್ರೇಮ ಕಾದಂಬರಿಕಾರ್ತಿಯರ ಪಾಡು ಇದಾಗಿತ್ತು. (ನಮ್ಮಲ್ಲೂ ಲೇಖಕಿಯರ ಕೃತಿಗಳನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಮೂದಲಿಸಿದ್ದುಂಟು.) ಕರೆ ಬಾರದ ಔತಣಕ್ಕೆ ಎಷ್ಟು ದಿನ ಕಾಯುವುದು? 1960ರಲ್ಲಿ ಅವರು ತಮ್ಮದೇ ಸಂಘ ಕಟ್ಟಿ, ಪ್ರಶಸ್ತಿಯನ್ನೂ ಸ್ಥಾಪಿಸಿದರು. ಡೆನಿಸ್ ರಾಬಿನ್ಸ್ ಮೊದಲ ಅಧ್ಯಕ್ಷೆ. ಬಾರ್ಬರಾ ಕಾರ್ಟ್‌ಲೆಂಡ್ ಉಪಾಧ್ಯಕ್ಷೆ.

ಪ್ರಶಸ್ತಿ ಪ್ರದಾನ ಕೆಲವು ವರ್ಷ ಲಂಡನ್ನಿನಲ್ಲಿ ಮಧ್ಯಾಹ್ನದ ಭೋಜನಕೂಟದಲ್ಲೇ ನಡೆಯಿತು. ಅಲ್ಲಿ ಪ್ರೇಮಕಥೆ ಬರೆಯುವವಳು ‘ನಾನೂ ಲೇಖಕಿಯೇ’ ಎಂದು ಸಮಜಾಯಿಷಿ ಕೊಡಬೇಕಿರಲಿಲ್ಲ. ಪಕ್ಕದ ಕುರ್ಚಿಯವಳದೂ ಅದೇ ಕಸುಬು.

2002ರಲ್ಲಿ ಈ ಪ್ರಶಸ್ತಿ ಗೆದ್ದದ್ದು ಫಿಲಿಪ್ಪಾ ಗ್ರೆಗರಿಯವರ ‘ದಿ ಅದರ್ ಬೊಲಿನ್ ಗರ್ಲ್’. ದೊರೆ ಎಂಟನೇ ಹೆನ್ರಿಯ ಅರಮನೆಯ ಪ್ರಣಯವೇ ಅದರ ವಸ್ತು. ವಿಚಿತ್ರವೆಂದರೆ, ಕೃತಿ ಹೆಸರು ಮಾಡಿದ್ದು ‘ಐತಿಹಾಸಿಕ ಕಾದಂಬರಿ’ ಎಂದು!