ಚಿಕೂನ್‌ಗುನ್ಯಾ: ಜ್ವರ ಹೋದರೂ ನೋವು ಯಾಕೆ?

ಜ್ವರ ವಾರದಾಗ ಇಳಿಯುತ್ತದೆ. ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. 2006ರಲ್ಲಿ ಕರ್ನಾಟಕದಲ್ಲಿ 7.6 ಲಕ್ಷ ಶಂಕಿತ ಪ್ರಕರಣಗಳು ದಾಖಲಾಗಿದ್ದವು. ಸಾಂಬ್ರಾದಲ್ಲಿ ಕುಡಗೋಲು ಹಿಡಿಯುವ ನನ್ನಂಥವರಿಗೆ ಬೆರಳು ಮಡಚದಿದ್ದರೆ ಅವತ್ತಿನ ಕೆಲಸ ನಿಂತ ಹಾಗೇ.

ನೋವು ಎರಡು ಬಗೆ. ಕೀಲು ಬಾತು, ಮುಂಜಾನೆ ಬಿಗಿದುಕೊಂಡರೆ ಉರಿಯೂತ. ಉರಿ, ಜುಮುಜುಮು, ಕರೆಂಟು ಹೊಡೆದಂಗಾದರೆ ನರದ ನೋವಿರಬಹುದು. ಇದಕ್ಕೆ ಮಾಮೂಲಿ ನೋವಿನ ಗುಳಿಗೆ ಅಷ್ಟಾಗಿ ನಾಟದು. ಡಾಕ್ಟರು ಪ್ರಿಗಾಬಲಿನ್, ಗಾಬಾಪೆಂಟಿನ್‌ನಂಥವು ಬರೆದುಕೊಡುತ್ತಾರೆ. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ನರಗಳು ಅತಿಯಾಗಿ ಕಳಿಸುವ ನೋವಿನ ಸುದ್ದಿ ತಗ್ಗಿಸುತ್ತವೆ. ನಿದ್ದೆ, ತಲೆಸುತ್ತು ಬರಬಹುದು. ಆಗ ಟ್ರ್ಯಾಕ್ಟರ್ ಹತ್ತಬೇಡ್ರಿ. ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬೇಡ್ರಿ.

ಕಾಲಿನ ಬಲ ಕುಂದುತ್ತಾ ಮೇಲೇರಿದರೆ ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗ್ರಿ. ಹಗಲು ಕಚ್ಚುವ ಈ ಸೊಳ್ಳೆ ಹುಟ್ಟೋದು ನಿಂತ ನೀರಿನಾಗ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ತಿಕ್ಕಿರಿ.